ವೇದಿಕೆಯ ಮೇಲಿನ ದೇಹ: ಮಾಸ್ಕೋದ ‘ಜ್ವುಕಿ ಮು’ ರಾಕ್ ತಂಡದ ಚರಿತ್ರೆ

ಸೋವಿಯತ್ ರಾಕ್ ಸಂಗೀತದ ಚರಿತ್ರೆಯನ್ನು ಬಹುಮಟ್ಟಿಗೆ ಹಾಡಿನ ಸಾಹಿತ್ಯದ ಮೂಲಕವೇ ಓದಲಾಗಿದೆ. ‘ಅಕ್ವೇರಿಯಂ’, ‘ಕಿನೊ’ದಂಥ ಲೆನಿನ್‌ಗ್ರಾದ್ ತಂಡಗಳಿಗೆ ಆ ಕ್ರಮ ಒಗ್ಗುತ್ತದೆ. ಆದರೆ ಮಾಸ್ಕೋದ ‘ಜ್ವುಕಿ ಮು’ ತಂಡದ ಸಾಧನೆ ಅದರಿಂದ ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ. ಅದರ ನಾಯಕ ಪ್ಯೋತ್ರ್ ಮಾಮೊನೊವ್ (1951–2021) ಹಾಡಿದ್ದನ್ನು ಅಭಿನಯಿಸಿಯೂ ತೋರಿಸಿದವರು. ಅವರ ಸಂಗೀತ, ರಂಗಭೂಮಿ, ಸಿನಿಮಾಗಳು ಒಂದೇ ಸಾಧನೆಯ ಮೂರು ಘಟ್ಟಗಳು ಎಂಬುದು ಈ ಲೇಖನದ ವಾದ.

ಹುಟ್ಟು ಮತ್ತು ಸಂದರ್ಭ

ತಂಡ ರೂಪುಗೊಂಡದ್ದು 1983ರಲ್ಲಿ. ಮಾಮೊನೊವ್, ಅವರ ತಮ್ಮ ಗಿಟಾರ್ ವಾದಕ ಅಲೆಕ್ಸೈ ಬೊರ್ತ್ನಿಚುಕ್, ಶಾಲಾ ಗೆಳೆಯ ಅಲೆಕ್ಸಾಂಡರ್ ಲಿಪ್ನಿತ್ಸ್ಕಿ ಇದರ ಮೂಲ ಬಲ. ಪ್ರತಿಮಾಚಿತ್ರಗಳ ಸಂಗ್ರಾಹಕರಾಗಿದ್ದ ಲಿಪ್ನಿತ್ಸ್ಕಿ ಬೇಸ್ ಗಿಟಾರ್ ಕಲಿತದ್ದೇ ಈ ತಂಡಕ್ಕಾಗಿ. ಕೀಬೋರ್ಡ್‌ಗೆ ಪಾವೆಲ್ ಖೋತಿನ್, ಡ್ರಮ್ಸ್‌ಗೆ ಅಲೆಕ್ಸೈ ಪಾವ್ಲೋವ್ ಬಂದು ಸೇರಿದರು. 1984ರ ಜನವರಿಯಲ್ಲಿ ಮಾಮೊನೊವ್ ಮತ್ತು ಲಿಪ್ನಿತ್ಸ್ಕಿ ಓದಿದ್ದ ಶಾಲೆಯಲ್ಲೇ ಮೊದಲ ಕಛೇರಿ ನಡೆಯಿತು.

ಅದು ಹವ್ಯಾಸಿ ರಾಕ್ ತಂಡಗಳ ಮೇಲೆ ಸರ್ಕಾರ ಬಿಗಿ ಕ್ರಮ ಕೈಗೊಂಡಿದ್ದ ಕಾಲ. ಧ್ವನಿಮುದ್ರಿಕೆಗಳ ಪ್ರಕಟಣೆ ಸರ್ಕಾರಿ ಸಂಸ್ಥೆ ‘ಮೆಲೋದಿಯಾ’ದ ಕೈಯಲ್ಲಿತ್ತು. ಅದು ಪ್ರಕಟಿಸದವರ ಹಾಡುಗಳು ಮನೆಯೊಳಗಿನ ಕಛೇರಿಗಳಲ್ಲಿ, ಕೈಯಿಂದ ಕೈಗೆ ದಾಟುವ ಟೇಪುಗಳಲ್ಲಿ ಬದುಕಿದವು. 1985ರಲ್ಲಿ ಮಾಸ್ಕೋ ರಾಕ್ ಪ್ರಯೋಗಶಾಲೆ ಎಂಬ ಸಂಸ್ಥೆ ಸ್ಥಾಪನೆಯಾದ ಮೇಲೆ ಇಂಥ ತಂಡಗಳಿಗೆ ಬಹಿರಂಗ ವೇದಿಕೆ ದೊರೆಯಿತು.

ಪ್ರಯೋಗದ ಸ್ವರೂಪ

ಜ್ವುಕಿ ಮು ಹಾಡುಗಳಲ್ಲಿ ನೇರ ರಾಜಕೀಯ ಘೋಷಣೆ ಇಲ್ಲ. ಬೂದು ಪಾರಿವಾಳ, ರೋಗ ಹರಡುವ ನೊಣ, ಪತ್ರಿಕೆ ಮಾರುವ ಗೂಡಂಗಡಿ, ವೋದ್ಕಾ ಬಾಟಲಿ ಅಲ್ಲಿನ ವಸ್ತುಗಳು. ಒಂದೇ ಬೇಸ್ ವಿನ್ಯಾಸ ಪಟ್ಟು ಬಿಡದೆ ಮರಳುತ್ತಿರುತ್ತದೆ, ಅದರ ಮೇಲೆ ಗಿಟಾರಿನ ಒರಟು ದನಿ. ನಡುವೆ ಮಾಮೊನೊವ್ ತೊದಲುತ್ತಾರೆ, ಗೊಣಗುತ್ತಾರೆ, ಸೆಟೆದು ಬೀಳುತ್ತಾರೆ. ಕುಡಿತದಲ್ಲಿ ಕುಸಿದ, ತನ್ನನ್ನೇ ಹೇಸುವ, ಆದರೂ ಪ್ರೀತಿಗೆ ಹಾತೊರೆಯುವ ನಗರವಾಸಿಯೊಬ್ಬ ಆ ದೇಹದಲ್ಲಿ ಮೈದೋರುತ್ತಾನೆ. ಅಧಿಕೃತ ಕಲೆ ಚಿತ್ರಿಸುತ್ತಿದ್ದ ಆರೋಗ್ಯವಂತ, ಆಶಾವಾದಿ ನಾಗರಿಕನಿಗೆ ಇದಕ್ಕಿಂತ ಕಠೋರ ಉತ್ತರ ಬೇಕಿರಲಿಲ್ಲ. ತಂಡದ ವಿಲಕ್ಷಣತೆ ಅಲಂಕಾರವಲ್ಲ, ಅದು ವಾಸ್ತವದ ನಿರೂಪಣೆ.

1988ರಲ್ಲಿ ‘ತ್ಸೆಂತ್ರ್’ ತಂಡದ ವಾಸಿಲಿ ಶುಮೊವ್ ನೆರವಿನಿಂದ ‘ಸರಳ ವಸ್ತುಗಳು’ ಎಂಬ ಅರ್ಥದ ಆಲ್ಬಂ ಧ್ವನಿಮುದ್ರಣಗೊಂಡಿತು. ಬ್ರಿಟಿಷ್ ಸಂಗೀತಕಾರ ಬ್ರಯಾನ್ ಈನೊ ನಿರ್ಮಿಸಿದ ‘ಜ್ವುಕಿ ಮು’ ಆಲ್ಬಂ 1989ರಲ್ಲಿ ಪಶ್ಚಿಮದಲ್ಲಿ ಹೊರಬಂತು. ಆದರೆ ಅಲ್ಲಿ ಅದು ದೊಡ್ಡ ಜನಪ್ರಿಯತೆ ಗಳಿಸಲಿಲ್ಲ. ರಷ್ಯನ್ ಭಾಷೆಯ ಅಡ್ಡಿ ಇದ್ದೇ ಇತ್ತು. ಅದಕ್ಕಿಂತ ಮುಖ್ಯವಾಗಿ, ಧ್ವನಿಮುದ್ರಿಕೆಯಲ್ಲಿ ದೇಹ ಕಾಣುವುದಿಲ್ಲ. ತಂಡದ ಅರ್ಧ ಅರ್ಥ ವೇದಿಕೆಯಲ್ಲೇ ಉಳಿದುಹೋಯಿತು.

ಸಂಗೀತದಿಂದ ರಂಗಕ್ಕೆ, ಸಿನಿಮಾಕ್ಕೆ

1990ರ ಹೊತ್ತಿಗೆ ಮೂಲ ತಂಡ ಚದುರಿತು. ಬೊರ್ತ್ನಿಚುಕ್ ಜೊತೆ ಕೆಲಕಾಲ ಜೋಡಿಯಾಗಿ ನುಡಿಸಿದ ಮಾಮೊನೊವ್ ಮುಂದೆ ಹೆಚ್ಚಾಗಿ ಏಕವ್ಯಕ್ತಿ ರಂಗಪ್ರಯೋಗಗಳತ್ತ ವಾಲಿದರು. ಅವುಗಳಲ್ಲಿ ‘ಚಾಕೊಲೇಟ್ ಪುಷ್ಕಿನ್’ ಪ್ರಸಿದ್ಧ. ಸಿನಿಮಾದ ನಂಟು ಇನ್ನೂ ಮೊದಲಿನದು. ‘ಕಿನೊ’ ತಂಡದ ವಿಕ್ಟರ್ ತ್ಸೊಯ್ ನಾಯಕನಾಗಿದ್ದ ‘ಸೂಜಿ’ (1988) ಚಿತ್ರದಲ್ಲಿ ಅವರು ನಟಿಸಿದ್ದರು. ಅವರು ಕುಡುಕ ಸ್ಯಾಕ್ಸೊಫೋನ್ ವಾದಕನಾಗಿ ಅಭಿನಯಿಸಿದ ಪಾವೆಲ್ ಲುಂಗಿನ್ ಅವರ ‘ಟ್ಯಾಕ್ಸಿ ಬ್ಲೂಸ್’ 1990ರ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು.

ತೊಂಬತ್ತರ ದಶಕದಲ್ಲಿ ಅವರು ಆರ್ಥೊಡಾಕ್ಸ್ ಕ್ರೈಸ್ತ ಶ್ರದ್ಧೆಗೆ ಮರಳಿ ಹಳ್ಳಿ ಸೇರಿದರು. ಇಲ್ಲಿಗೆ ಹಳೆಯ ಮಾಮೊನೊವ್ ಮುಗಿದರೆಂಬ ಭಾವನೆ ಸಾಮಾನ್ಯ. ‘ದ್ವೀಪ’ (2006) ಚಿತ್ರ ಅದನ್ನು ಒಪ್ಪುವುದಿಲ್ಲ. ಅಲ್ಲಿ ಅವರು ಅಭಿನಯಿಸಿದ ಸನ್ಯಾಸಿ ಅನಾತೊಲಿ ಪಾಪಪ್ರಜ್ಞೆಯಲ್ಲಿ ಬೇಯುವ, ಜನರೆದುರು ಹುಚ್ಚನಂತೆ ವರ್ತಿಸುವ ಮನುಷ್ಯ. ಅವನು ರಷ್ಯದ ‘ಯುರೋದಿವಿ’, ಅಂದರೆ ದೇವರ ಹುಚ್ಚರ ಪರಂಪರೆಗೆ ಸೇರಿದವನು. ಎಂಬತ್ತರ ದಶಕದ ವೇದಿಕೆಯಲ್ಲಿ ಸೆಟೆದು ಬೀಳುತ್ತಿದ್ದ ಆ ನಗರವಾಸಿಯೇ ಇಲ್ಲಿ ಪ್ರಾರ್ಥನೆಗೆ ನಿಂತಿದ್ದಾನೆ. ಈ ಪಾತ್ರಕ್ಕೆ ರಷ್ಯದ ‘ನಿಕಾ’ ಮತ್ತು ‘ಚಿನ್ನದ ಹದ್ದು’ ಪ್ರಶಸ್ತಿಗಳೆರಡೂ ಸಂದವು.

ಉಪಸಂಹಾರ

2015ರಲ್ಲಿ ಮಾಮೊನೊವ್ ಹೊಸಬರೊಂದಿಗೆ ತಂಡವನ್ನು ಮತ್ತೆ ಕಟ್ಟಿದರು. ಲಿಪ್ನಿತ್ಸ್ಕಿ 2021ರ ಮಾರ್ಚ್‌ನಲ್ಲಿ ತೀರಿಕೊಂಡರು, ಅದೇ ವರ್ಷದ ಜುಲೈನಲ್ಲಿ ಕೋವಿಡ್ ಮಾಮೊನೊವ್ ಅವರನ್ನು ಬಲಿ ಪಡೆಯಿತು. ಜ್ವುಕಿ ಮು ಕುರಿತ ಅಧ್ಯಯನ ಆಲ್ಬಂಗಳಿಗೆ ಸೀಮಿತವಾದರೆ ಅಪೂರ್ಣವಾಗುತ್ತದೆ. ಕಛೇರಿಗಳ ದೃಶ್ಯಮುದ್ರಿಕೆ, ರಂಗಪ್ರಯೋಗ, ಸಿನಿಮಾಗಳನ್ನು ಅದರ ಸಮಾನ ಆಕರಗಳೆಂದು ಪರಿಗಣಿಸುವುದು ಅಗತ್ಯ.