ಕೌದಿಯ ಬಟ್ಟೆ ಯಾರದು?

ನಮ್ಮ ವಿಮರ್ಶೆಗೆ ಕೌದಿ ಒಂದು ಸಲೀಸಾದ ರೂಪಕವಾಗಿದೆ. ನಮ್ಮ ಸಂಸ್ಕೃತಿ ಕೌದಿ ಇದ್ದಂಗ, ಬಣ್ಣ ಹಲವು, ಹೊದಿಕೆ ಒಂದು ಅಂತ ವೇದಿಕೆ ಮೇಲೆ ಹೇಳೋದು ಸುಲಭ. ಆದರೆ ಆ ತುಂಡುಗಳು ಎಲ್ಲಿಂದ ಬಂದವು, ಯಾರು ಉಟ್ಟು ಬಿಟ್ಟದ್ದು, ಹೊಲಿದ ಕೈ ಯಾರದು? ದಲಿತ ವಿಮರ್ಶೆ ಶುರುವಾಗಬೇಕಾದದ್ದು ಈ ಪ್ರಶ್ನೆಗಳಿಂದ.

ಬೀದರ, ಭಾಲ್ಕಿ, ಔರಾದ ಕಡೆ ಕೌದಿ ಹೊಸ ಮಾತಲ್ಲ. ಮರಾಠಿ ಆಡುವ ಮನೆಗಳಲ್ಲಿ ಅದೇ ಗೋಧಡಿ. ಹಳೇ ಸೀರೆ, ಧೋತ್ರ ತೊಳೆದು, ಹರಿದು, ಪದರ ಪದರವಾಗಿ ಹಾಸಿ, ಮೇಲೆ ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತಾ ಬರುತ್ತಾರೆ. ದೊಡ್ಡ ಕೌದಿ ಆದರೆ ನಾಲ್ಕು ಮಂದಿ ಸುತ್ತ ಕೂಡ್ತಾರ. ಉತ್ತರ ಕರ್ನಾಟಕದಲ್ಲಿ ಗೊಂದಲಿಗರ ಹೆಂಗಸರು ಊರೂರು ತಿರುಗಿ ಕೂಲಿಗೆ ಹೊಲಿದುಕೊಟ್ಟದ್ದೂ ಉಂಟು. ಇಷ್ಟಿದ್ದರೂ ಬೀದರ ಅಂದರೆ ನೆನಪಾಗುವುದು ಬಿದರಿ ಪಾತ್ರೆ. ಅದಕ್ಕೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಲೋಹಕ್ಕೆ ಚರಿತ್ರೆ ಬರೆದೆವು, ಚಿಂದಿಗೆ ಬರೆಯಲಿಲ್ಲ. ಕಲ್ಯಾಣದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರು ಉಳಿದಿದೆ. ಕೌದಿ ಹೊಲಿದ ಅವ್ವಂದಿರ ಹೆಸರು ಯಾವ ಪುಸ್ತಕದಲ್ಲಿದೆ?

ಚಿಂದಿಗೂ ಚರಿತ್ರೆ ಇದೆ. ಮಹಾರರಿಗೆ 52 ಹಕ್ಕುಗಳನ್ನು ಕೊಟ್ಟವರು ಬೀದರದ ಮುಸ್ಲಿಂ ಅರಸರು ಎಂಬುದು ಆ ಸಮುದಾಯದ ಐತಿಹ್ಯ. ಅಂಬೇಡ್ಕರ್ 1948ರ ತಮ್ಮ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ ಇದನ್ನು ಎತ್ತಿಕೊಂಡು, ಈ ಹಕ್ಕುಗಳು ಇನ್ನೂ ಹಳೆಯವು, ಬೀದರದ ಅರಸರು ಕೇವಲ ಖಾಯಂ ಮಾಡಿದರು ಎನ್ನುತ್ತಾರೆ. ಮನೆಮನೆಯ ಅನ್ನ, ಸುಗ್ಗಿಯ ಕಾಳು, ಸತ್ತ ದನ ಇವೆಲ್ಲ ಆ ಹಕ್ಕುಗಳು. ಹೆಣದ ಮೇಲಿನ ಬಟ್ಟೆಯೂ ಮಹಾರರ ಪಾಲಿಗೇ ಬರುತ್ತಿತ್ತು. ಇದು ಮರಾಠಿ ಸೀಮೆಯ ಕಥೆ, ನಮಗೇನು ಅನ್ನಬೇಡಿ. 1956ರ ನವೆಂಬರ್ 1ರವರೆಗೆ ಭಾಲ್ಕಿ, ಔರಾದ ಸೀಮೆ, ಉದಗೀರ, ನಿಲಂಗಾ ಎಲ್ಲ ಒಂದೇ ಬೀದರ ಜಿಲ್ಲೆಯಲ್ಲಿದ್ದವು. ಭಾಷೆಯ ಕತ್ತರಿ ಜಿಲ್ಲೆಯನ್ನು ಮೂರು ರಾಜ್ಯಕ್ಕೆ ಹಂಚಿತು. ಕೇರಿಯ ಬಾಳು ಮಾತ್ರ ಗಡಿಯ ಎರಡೂ ಕಡೆ ಒಂದೇ ಆಗಿತ್ತು.

ಹೆಣದ ಬಟ್ಟೆಯನ್ನು 'ಹಕ್ಕು' ಎಂದು ಕರೆದದ್ದೇ ಜಾತಿಯ ಜಾಣತನ. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರು ಸತ್ತವರ ಬಟ್ಟೆಯನ್ನೇ ಉಡಬೇಕೆಂದು ವಿಧಿಸಿತ್ತು. ಆ ಗ್ರಂಥವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಅದೇ ಸಮಾವೇಶದಲ್ಲಿ ಅಂಬೇಡ್ಕರ್ ಹೆಣ್ಣುಮಕ್ಕಳ ಜೊತೆ ಮಾತಾಡಿದ್ದು ಬಟ್ಟೆಯ ಬಗ್ಗೆಯೇ. ತೇಪೆಯ ಬಟ್ಟೆಯಾದರೂ ಚಿಂತೆಯಿಲ್ಲ, ಶುಚಿ ಇರಲಿ, ಏನು ಉಡಬೇಕೆಂಬುದನ್ನು ಯಾರೂ ನಿಮಗೆ ಹೇಳಕೂಡದು ಎಂಬುದು ಅವರ ಮಾತಿನ ಸಾರ.

ಇನ್ನೊಂದು ಪರಂಪರೆಯೂ ಇದೆ. ಬೌದ್ಧ ಭಿಕ್ಷುಗಳು ಸ್ಮಶಾನದಲ್ಲಿ, ತಿಪ್ಪೆಯಲ್ಲಿ ಬಿದ್ದ ಚಿಂದಿ ಆಯ್ದು ಚೀವರ ಹೊಲಿದುಕೊಂಡರು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಹಾಗೆ ತುಂಡು ಜೋಡಿಸು ಎಂದು ಬುದ್ಧ ಆನಂದನಿಗೆ ಹೇಳಿದನೆಂದು ವಿನಯಪಿಟಕ ಹೇಳುತ್ತದೆ. ಬಟ್ಟೆ ಅದೇ. ಮನು ಕೊಟ್ಟಾಗ ಅದು ಶಿಕ್ಷೆ, ಭಿಕ್ಷು ತಾನಾಗಿ ಆರಿಸಿಕೊಂಡಾಗ ಘನತೆ. ಕೇರಿಯ ಕೌದಿ ಈ ಎರಡರ ನಡುವೆ ಇದೆ. ಬಟ್ಟೆ ಆಕೆಯ ಆಯ್ಕೆಯಲ್ಲ. ಎಲ್ಲಿ ಕತ್ತರಿಸಬೇಕು, ಯಾವ ಬಣ್ಣದ ಪಕ್ಕ ಯಾವುದು ಕೂಡಬೇಕು ಎಂಬುದು ಆಕೆಯದೇ ತೀರ್ಮಾನ. ಗೌಡರ ಮನೆಯ ಸೀರೆ ಇಲ್ಲಿ ಗೌಡರ ಗುರುತು ಕಳಕೊಂಡು ಕೂಸಿನ ಹಾಸಿಗೆ ಆಗ್ತದ.

ಹೀಗೆಂದು ಕೌದಿಯನ್ನು ಹಾಡಿ ಹೊಗಳಿ ಬಿಟ್ಟರೂ ತಪ್ಪೇ. ಅಮೆರಿಕದ ಅಲಬಾಮಾದಲ್ಲಿ ಮತದಾರರಾಗಲು ಹೋದ ಕಪ್ಪು ಕುಟುಂಬಗಳು ಮನೆ, ಗೇಣಿ ಭೂಮಿ ಕಳೆದುಕೊಂಡವು. ಆ ಚಳವಳಿಯ ನಡುವೆ 1966ರಲ್ಲಿ ಹೆಂಗಸರು ಫ್ರೀಡಮ್ ಕ್ವಿಲ್ಟಿಂಗ್ ಬೀ ಎಂಬ ಕೌದಿ ಸಹಕಾರ ಸಂಘ ಕಟ್ಟಿದರು. ಅಲ್ಲಿನ ಜೀಸ್ ಬೆಂಡ್ ಎಂಬ ಊರಿನ ಕೌದಿಗಳು 2002ರಿಂದ ದೊಡ್ಡ ಮ್ಯೂಸಿಯಮ್ಮುಗಳ ಗೋಡೆ ಏರಿದವು. 2007ರಲ್ಲಿ ಹೊಲಿದವರಲ್ಲೇ ಕೆಲವರು ತಮ್ಮ ಪಾಲಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಕಲೆ ಅಂತ ಒಪ್ಪಿಕೊಂಡ ಮಾತ್ರಕ್ಕೆ ನ್ಯಾಯ ಸಿಕ್ಕಂತಲ್ಲ.

ಬೀದರಿನಲ್ಲಿ 1989ರಿಂದ ಮಹಿಳಾ ಸಮಾಖ್ಯಾದ ಸಂಘಗಳಲ್ಲಿ ದಲಿತ ಹೆಣ್ಣುಮಕ್ಕಳು ಕೂಲಿ, ಓದು, ಹಕ್ಕು ಅಂತ ಒಟ್ಟಿಗೆ ಕೂತು ಮಾತಾಡಿದ್ದಾರೆ. ಸುತ್ತ ಕೂತು ಮಾತಾಡುವ ಆ ರೂಢಿ ಕೌದಿಯ ಸುತ್ತ ಮೊದಲೇ ಇತ್ತು. ನಮ್ಮ ವಿದ್ಯಾರ್ಥಿಗಳು ಭಾಲ್ಕಿಗೋ ಔರಾದಕ್ಕೋ ಹೋದಾಗ ಕೌದಿಯ ಫೋಟೊ ಹೊಡೆದು ಬರಬಾರದು. ಹೊಲಿದವರ ಪಕ್ಕ ಕೂತು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಕೇಳಬೇಕು: ಇದು ಯಾರ ಮನೀದವ್ವ? ದುಡಿದು ತಂದದ್ದೋ, ಬೇಡಿ ತಂದದ್ದೋ? ಹೊಲಿದದ್ದಕ್ಕೆ ಕೂಲಿ ಎಷ್ಟು ಕೊಟ್ರು? ಆಕೆಯ ಉತ್ತರ ಬರೆದಿಟ್ಟುಕೊಂಡ ಮೇಲೆ, ಕೌದಿ ರೂಪಕವೋ ಅಲ್ಲವೋ ಎಂಬ ಚರ್ಚೆ ಮಾಡೋಣ.