ತೊಟ್ಟಿಯಿಂದ ನಲ್ಲಿಗೆ: ಗೋದಾವರಿ ಕೊಳ್ಳದ ಎರಡು ನಗರಗಳ ನೀರು

ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಮೇರೆಯನ್ನು ಗೋದಾವರಿಯವರೆಗೆ ಒಯ್ದು ನಿಲ್ಲಿಸಿದುದರಿಂದ, ಆ ನದಿಯ ಕೊಳ್ಳದ ನಗರಗಳ ಚರಿತ್ರೆಯು ಕನ್ನಡ ಅಧ್ಯಯನಕ್ಕೆ ಹೊರಗಿನದೆಂದು ನಾವು ಭಾವಿಸಲಾರೆವು. ನಾಸಿಕ್ ಗೋದಾವರಿಯ ದಂಡೆಯಲ್ಲಿಯೇ ಇದೆ. ಹಿಂದೆ ಔರಂಗಾಬಾದ್ ಎನಿಸಿಕೊಂಡು 2023ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಹೆಸರು ಪಡೆದ ನಗರವು ಅದೇ ಕೊಳ್ಳದ ಖಾಮ್ ಹೊಳೆಯ ಬದಿಯಲ್ಲಿದೆ. ಎರಡರ ಮಹಾನಗರಪಾಲಿಕೆಗಳೂ 1982ರಲ್ಲಿಯೇ ಸ್ಥಾಪನೆಗೊಂಡವು. ಇಲ್ಲಿನ ಬಡವರ ನೀರಿನ ಪ್ರಶ್ನೆಯನ್ನು ಸಾಮಾನ್ಯವಾಗಿ ಕೊರತೆಯ ಪ್ರಶ್ನೆಯೆಂದೇ ಬರೆಯಲಾಗುತ್ತದೆ. ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ ಬಂದ ನೀರು ಯಾರ ತೊಟ್ಟಿಯಲ್ಲಿ ನಿಲ್ಲುತ್ತದೆ ಎಂಬುದೇ ಹೆಚ್ಚು ನಿರ್ಣಾಯಕವೆಂಬುದು ನಮ್ಮ ಅಭಿಪ್ರಾಯ.

ಅಹಮದ್‌ನಗರದ ನಿಜಾಮಶಾಹಿಯ ಮಂತ್ರಿ, ಅಬಿಸೀನಿಯಾ ಮೂಲದ ಮಲಿಕ್ ಅಂಬರನು 1610ರ ಸುಮಾರಿಗೆ ಖಡ್ಕಿಯನ್ನು ರಾಜಧಾನಿಯಾಗಿ ಕಟ್ಟತೊಡಗಿದಾಗ, ಊರಿನ ಉತ್ತರದ ಗುಡ್ಡಗಳ ಅಂತರ್ಜಲವನ್ನು ನೆಲದೊಳಗಿನ ಕಾಲುವೆಯ ಮೂಲಕ ಇಳಿಜಾರಿನ ಬಲದಿಂದಲೇ ತಂದನು. ಇದೇ ನಹರ್-ಎ-ಅಂಬರಿ. ಮುಂದಿನ ಕಾಲದಲ್ಲಿ ಇದರ ಮಾದರಿಯಲ್ಲಿ ಇನ್ನೂ ಹಲವು ನಹರುಗಳಾದವು. ಬಾಬಾ ಶಾ ಮುಸಾಫಿರ್ ದರ್ಗಾದ ಪನ್‌ಚಕ್ಕಿಯ ಬೀಸುಕಲ್ಲು ಹದಿನೆಂಟನೆಯ ಶತಮಾನದಲ್ಲಿ ತಿರುಗಿದ್ದು ಅಂತಹ ಒಂದು ನಹರಿನ ನೀರಿನಿಂದಲೇ. ಬೀದರಿನ ಕಾರೇಜನ್ನೂ ತೊರವಿಯಿಂದ ವಿಜಯಪುರಕ್ಕೆ ನೀರು ತಂದ ಆದಿಲಶಾಹಿ ಸುರಂಗಗಳನ್ನೂ ಒತ್ತಡ ತಗ್ಗಿಸುವ ಅಲ್ಲಿನ ಗಂಜ್ ಗೋಪುರಗಳನ್ನೂ ಬಲ್ಲ ಓದುಗರಿಗೆ ಈ ತಂತ್ರ ಅಪರಿಚಿತವೇನಲ್ಲ. ಖಡ್ಕಿಗೆ ನೀರು ತಂದ ಇದೇ ಅಂಬರನು 1624ರಲ್ಲಿ ಇಬ್ರಾಹಿಂ ಆದಿಲಶಾಹನ ನೌರಸಪುರವನ್ನು ಹಾಳುಗೆಡವಿದನೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ನಮಗೆ ಮುಖ್ಯವಾದುದು ತಂತ್ರವಲ್ಲ, ಕೊನೆಯ ಹಂತ. ನಹರಿನ ನೀರು ಮಸೀದಿ, ಪೇಟೆ, ಮೊಹಲ್ಲೆಗಳ ಹೌದುಗಳಲ್ಲಿ ಬಂದು ನಿಲ್ಲುತ್ತಿತ್ತು. ಅಂದರೆ ಸಂಗ್ರಹವು ಬೀದಿಯಲ್ಲಿತ್ತು, ಮನೆಯಲ್ಲಿರಲಿಲ್ಲ. ಹಾಗೆಂದು ಆ ಕಾಲವನ್ನು ಕೊಂಡಾಡುವುದು ತಪ್ಪು. ಸಾರ್ವಜನಿಕ ತೊಟ್ಟಿ ಎಲ್ಲರ ತೊಟ್ಟಿಯೆಂದು ತಾನಾಗಿ ಆಗುವುದಿಲ್ಲ. ಕೆರೆಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ಮುಂಬಯಿ ಶಾಸಕಾಂಗವು 1923ರಲ್ಲಿ ಬೋಲೆ ಅವರ ಠರಾವನ್ನು ಅಂಗೀಕರಿಸಬೇಕಾಯಿತು. ಆ ಬಳಿಕವೂ 1927ರಲ್ಲಿ ಕೊಂಕಣದ ಮಹಾಡಿನ ಚವದಾರ ಕೆರೆಯ ನೀರು ಕುಡಿಯಲು ಅಂಬೇಡ್ಕರ್ ಅವರ ನಾಯಕತ್ವದಲ್ಲಿ ಸತ್ಯಾಗ್ರಹ ನಡೆಯಬೇಕಾಯಿತು. ನ್ಯಾಯಾಲಯದ ಅಂತಿಮ ತೀರ್ಪು ಬಂದದ್ದು 1937ರಲ್ಲಿ. ನಾಸಿಕ್‌ನಲ್ಲಿ 1930ರ ಕಾಳಾರಾಮ ಮಂದಿರ ಸತ್ಯಾಗ್ರಹ ನಡೆದ ಪಂಚವಟಿಯು ಗೋದಾವರಿಯ ರಾಮಕುಂಡಕ್ಕೆ ಕೂಗಳತೆಯ ದೂರದಲ್ಲಿದೆ. ನೀರಿನ ಹತ್ತಿರವಿರುವುದು ಬೇರೆ, ನೀರಿಗೆ ಹಕ್ಕುದಾರನಾಗಿರುವುದು ಬೇರೆ.

ಇಪ್ಪತ್ತನೆಯ ಶತಮಾನದಲ್ಲಿ ನಹರುಗಳ ಮೇಲೆ ಕಟ್ಟಡಗಳೆದ್ದು ಅವು ಹಾಳಾದವು. ಪೈಠಣದ ಬಳಿ ಜಾಯಕವಾಡಿ ಅಣೆಕಟ್ಟು 1976ರಲ್ಲಿ ಉದ್ಘಾಟನೆಗೊಂಡಿತು. ನೂರು ಟಿ.ಎಂ.ಸಿ.ಗೂ ಮಿಗಿಲಾದ ಧಾರಣಶಕ್ತಿಯ ಆ ಜಲಾಶಯದಿಂದ ಸುಮಾರು 50 ಕಿ.ಮೀ. ದೂರ ನೀರನ್ನು ಮೇಲೆತ್ತಿ ತರುವ ನಗರದಲ್ಲಿ, 2020ರ ದಶಕದ ಆರಂಭದಲ್ಲಿಯೂ ನಲ್ಲಿಗೆ ನೀರು ಬರುತ್ತಿದ್ದುದು ಹಲವು ದಿನಗಳಿಗೊಮ್ಮೆ. ನೀರು ಸರಬರಾಜನ್ನು 2014ರಲ್ಲಿ ಖಾಸಗಿ ಸಂಸ್ಥೆಗೆ ವಹಿಸಿ 2016ರಲ್ಲಿ ಒಪ್ಪಂದವನ್ನು ರದ್ದುಪಡಿಸಲಾಯಿತು. 2020ರಲ್ಲಿ 1,680 ಕೋಟಿ ರೂಪಾಯಿಗಳ ಹೊಸ ಯೋಜನೆಗೆ ಶಂಕುಸ್ಥಾಪನೆಯಾಯಿತು.

ಹಲವು ದಿನಗಳಿಗೊಮ್ಮೆ ಬರುವ ನೀರು ಎಲ್ಲ ಮನೆಗಳಿಗೂ ಒಂದೇ ನೀರಲ್ಲ. ಸಂಪೂ ಮಹಡಿಯ ಮೇಲೆ ಟ್ಯಾಂಕೂ ಇರುವ ಮನೆಗೆ ಅದು ಸ್ವಲ್ಪ ಅನನುಕೂಲ ಮಾತ್ರ. ಒಂದೇ ಕೋಣೆಯ ಕೊಳೆಗೇರಿಯ ಮನೆಯಲ್ಲಿ ಸಂಗ್ರಹವೆಂದರೆ ನಾಲ್ಕು ಬಿಂದಿಗೆ, ಒಂದು ಡ್ರಮ್ಮು. ನೀರು ಬರುವ ಹೊತ್ತಿಗೆ ಮನೆಯಲ್ಲಿರಬೇಕಾದವಳು ಅಂದಿನ ಕೂಲಿಯನ್ನು ಕಳೆದುಕೊಳ್ಳುತ್ತಾಳೆ; ಉಳಿದ ದಿನಗಳಿಗೆ ಟ್ಯಾಂಕರಿನ ನೀರನ್ನು ಕೊಳ್ಳುತ್ತಾಳೆ. ಶೌಚಾಲಯ ಕಟ್ಟಿಸಿಕೊಟ್ಟರೂ ಅದಕ್ಕೆ ಸುರಿಯುವ ಬಿಂದಿಗೆಯನ್ನು ಅಡಿಗೆಯ ಬಿಂದಿಗೆಯಿಂದಲೇ ಕಳೆಯಬೇಕಾಗುತ್ತದೆ. ಹೀಗೆ ಸಂಗ್ರಹವು ಬೀದಿಯಿಂದ ಮನೆಯೊಳಕ್ಕೆ ಸರಿದಾಗ, ತೊಟ್ಟಿ ಕಟ್ಟಿಸಲು ಜಾಗವಿಲ್ಲದವನು ನಲ್ಲಿಯಿದ್ದೂ ನೀರಿಲ್ಲದವನಾದನು.

ನಾಸಿಕ್ ಮೇಲ್ಪಾತ್ರದಲ್ಲಿದೆ, ಗಂಗಾಪುರ ಅಣೆಕಟ್ಟು ಊರಿಗೆ ಸಮೀಪ. ಮೇಲಿನ ಅಣೆಕಟ್ಟುಗಳಿಂದ ಜಾಯಕವಾಡಿಗೆ ಎಷ್ಟು ನೀರು ಬಿಡಬೇಕೆಂಬ ಜಗಳವು 2005ರ ಜಲಸಂಪತ್ತು ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಸ್ಥಾಪಿತವಾದ ಪ್ರಾಧಿಕಾರದ ಮುಂದೆ ಬಂದು, 2014ರಲ್ಲಿ ನೀರು ಬಿಡುವಂತೆ ಆದೇಶವಾಯಿತು. ಆದರೆ ಮೇಲಿನ ಊರು ಕೆಳಗೆ ಬಿಡುವುದು ನೀರನ್ನು ಮಾತ್ರವಲ್ಲ. ನಾಸಿಕ್‌ನ ಒಳಚರಂಡಿಯ ಕೊಳೆ ಗೋದಾವರಿಗೆ ಸೇರುವುದರ ವಿರುದ್ಧ 2012ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. ನಾಸಿಕ್‌ನ ನೈರ್ಮಲ್ಯವು ಕೆಳಪಾತ್ರದ ನಗರದ ಕುಡಿಯುವ ನೀರಿನ ಪ್ರಶ್ನೆಯೂ ಹೌದು. ಶುದ್ಧೀಕರಣದ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳಲಾರದವರಿಗಂತೂ ನೇರವಾಗಿ.

ಕರ್ನಾಟಕದ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯು 2008ರ ವೇಳೆಗೆ ದಿನದ 24 ಗಂಟೆಯೂ ನೀರು ಕೊಟ್ಟಿತು. ನೀರು ಸದಾ ಇದ್ದಲ್ಲಿ ಮನೆಯೊಳಗೆ ಸಂಗ್ರಹ ಬೇಕಿಲ್ಲ. ತೊಟ್ಟಿಯಿಲ್ಲದವನ ಅನನುಕೂಲವೂ ಅಲ್ಲಿಗೆ ತಗ್ಗುತ್ತದೆ. ಆದರೆ ಆ ವಲಯಗಳಲ್ಲಿದ್ದುದು ಈ ನಗರಗಳ ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಉಳಿದ ಬಡಾವಣೆಗಳಲ್ಲಿ ಬಿಂದಿಗೆಗಳ ಸಾಲು ಇನ್ನೂ ಒಂದು ದಶಕಕ್ಕೂ ಮಿಕ್ಕಿ ಮುಂದುವರಿಯಿತು.