ಸೋಗು ಹಾಕಿದ್ದಾ, ಹೇಳಿಕೊಂಡಿದ್ದಾ?

ಪದಗಳ ಹಿಂದಿನ ಚರಿತ್ರೆ | ಕಂತು 14

ಬೇರೆಯವರಂತೆ ನಟಿಸೋದು ಅನ್ನೋಕೆ ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ ಸರಿ? ಇಂಪರ್ಸನೇಟ್, ಪೋಸ್ ಆ್ಯಸ್, ಪ್ರಿಟೆಂಡ್ ಟು ಬಿ, ಕ್ಲೇಮ್ ಟು ಬಿ... ನಿಘಂಟಿನಲ್ಲಿ ಎಲ್ಲ ಅಕ್ಕಪಕ್ಕದ ಮನೆಯವೇ. ಆದರೆ ಬಂಗಾಳದ ಒಬ್ಬ ಮನುಷ್ಯನಿಗೆ ಒಂದರಿಂದ ಇನ್ನೊಂದಕ್ಕೆ ದಾಟೋಕೆ 25 ವರ್ಷ ಬೇಕಾಯ್ತು.

1909ರ ಮೇ. ಢಾಕಾ ಬಳಿಯ ಭಾವಲ್ ಜಮೀನ್ದಾರಿಯ ಎರಡನೇ ಕುಮಾರ ರಮೇಂದ್ರ ನಾರಾಯಣ ರಾಯ್ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡ ಅಂತ ಸುದ್ದಿ ಬಂತು. ಸುಮಾರು 12 ವರ್ಷದ ನಂತರ ಢಾಕಾದಲ್ಲಿ ಮೈಗೆಲ್ಲ ಬೂದಿ ಬಳಿದುಕೊಂಡ ಸನ್ಯಾಸಿಯೊಬ್ಬ ಕಾಣಿಸಿಕೊಂಡ. 1921ರಲ್ಲಿ, ನಾನೇ ಆ ಕುಮಾರ ಅಂದ. ಸೋದರಿ ಜ್ಯೋತಿರ್ಮಯಿ ಒಪ್ಪಿದರು. ಹೆಂಡತಿ ಬಿಭಾಬತಿ ಒಪ್ಪಲಿಲ್ಲ.

ಅದೇ ಜೂನ್‌ನಲ್ಲಿ ಢಾಕಾದ ಕಲೆಕ್ಟರ್ ನೋಟಿಸ್ ಹೊರಡಿಸಿದರು: ಈತ ‘ಇಂಪೋಸ್ಟರ್’, ಇವನಿಗೆ ಗೇಣಿ ಕೊಟ್ಟರೆ ಕೊಟ್ಟವರದೇ ಹೊಣೆ. ಕೋರ್ಟಿನಲ್ಲಿ ವಿಚಾರಣೆ ಇನ್ನೂ ಶುರುವೇ ಆಗಿರಲಿಲ್ಲ!

1930ರಲ್ಲಿ ಆತ ದಾವೆ ಹೂಡಿದ. 1936ರಲ್ಲಿ ನ್ಯಾಯಾಧೀಶ ಪನ್ನಾಲಾಲ್ ಬಸು, ಈತನೇ ಕುಮಾರ ಅಂತ ತೀರ್ಪು ಕೊಟ್ಟರು. 1940ರಲ್ಲಿ ಕಲ್ಕತ್ತಾ ಹೈಕೋರ್ಟ್, 1946ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನೇ ಎತ್ತಿಹಿಡಿದವು. ಗೆದ್ದ ಕೆಲವೇ ದಿನಗಳಲ್ಲಿ ಆತ ತೀರಿಕೊಂಡ.

ಈಗ ಕ್ರಿಯಾಪದಕ್ಕೆ ಬನ್ನಿ. ‘ಪೋಸ್ಡ್ ಆ್ಯಸ್’ ಅಂತ ಬರೆದ್ರೆ, ಅವನು ಅವನಲ್ಲ ಅನ್ನೋ ತೀರ್ಪನ್ನ ನೀವೇ ಕೊಟ್ಟ ಹಾಗೆ. ‘ಕ್ಲೇಮ್ಡ್ ಟು ಬಿ’ ಅಂದ್ರೆ ಪ್ರಶ್ನೆ ಇನ್ನೂ ತೆರೆದೇ ಇದೆ. ‘ಇಂಪರ್ಸನೇಟ್’ಗೆ ಎರಡು ಮುಖ: ಮಿಮಿಕ್ರಿ ಕಲಾವಿದ ಮಾಡೋದೂ ಅದೇ, ನಕಲಿ ಪೊಲೀಸ್ ಮಾಡೋದೂ ಅದೇ.

ಕಾನೂನು ಆರಿಸಿಕೊಂಡಿದ್ದು ಇನ್ನೊಂದು ಪದ. 1860ರ ಭಾರತೀಯ ದಂಡ ಸಂಹಿತೆಯ 416ನೇ ಕಲಮಿನಲ್ಲಿದ್ದದ್ದು ‘ಪರ್ಸನೇಷನ್’ ಮೂಲಕ ವಂಚನೆ. ಯಾರ ಹೆಸರಲ್ಲಿ ಮೋಸ ಮಾಡಿದನೋ ಆ ವ್ಯಕ್ತಿ ಕಾಲ್ಪನಿಕನಾದರೂ ಅದು ಅಪರಾಧವೇ. ಈಗಿನ ನ್ಯಾಯ ಸಂಹಿತೆಯ 319ನೇ ಕಲಮಿನಲ್ಲೂ ಅದೇ ಪದ ಉಳಿದಿದೆ. ಇದರ ಬೇರು ಲ್ಯಾಟಿನ್ನಿನ ‘ಪರ್ಸೋನಾ’, ಅಂದ್ರೆ ನಾಟಕದ ಮುಖವಾಡ.

ನಮ್ಮ ಕನ್ನಡದಲ್ಲೂ ಈ ವ್ಯತ್ಯಾಸ ಇದೆ ನೋಡಿ. ಯಕ್ಷಗಾನದವರು ವೇಷ ಕಟ್ತಾರೆ. ವಂಚಕ ಸೋಗು ಹಾಕ್ತಾನೆ. ಸತ್ಯ ಇನ್ನೂ ಗೊತ್ತಾಗದವನು ‘ತಾನೇ ಅವನು’ ಅಂತ ಹೇಳಿಕೊಳ್ತಾನೆ. ಯಾರನ್ನೋ ಹಿಡಿದ ದಿನವೇ ‘ಸೋಗು ಹಾಕಿದ್ದ’ ಅಂತ ಹೆಡ್‌ಲೈನ್ ಬರೆದುಬಿಟ್ಟರೆ, 1921ರ ಆ ನೋಟಿಸ್ ಮಾಡಿದ್ದನ್ನೇ ನಾವೂ ಮಾಡಿದಂತೆ.

ನಿಮ್ಮೂರ ಕಡೆ ‘ಸೋಗು ಹಾಕೋದು’ ಅನ್ನೋಕೆ ಬೇರೆ ಮಾತಿದ್ಯಾ? ಕಾಮೆಂಟ್‌ನಲ್ಲಿ ಹೇಳಿ 👇

#ಪದಚರಿತ್ರೆ #ಕನ್ನಡ #ಇತಿಹಾಸ